ರೈನ್‌ಬರ್ಗರ್‌ನ ಮಾಸ್ ಬ್ರುಕ್ನರ್‌ಗೆ ಸಮವೇ?

ಎಂಟುದನಿ: ಸಂಗೀತ ರಚನಕಾರ ಯೋಸೆಫ್ ರೈನ್‌ಬರ್ಗರ್ (1839–1901) ಹೆಸರು ಆರ್ಗನ್ ನುಡಿಸುವವರನ್ನು ಬಿಟ್ಟರೆ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಅವರ ಇ ಫ್ಲ್ಯಾಟ್ ಮಾಸ್ (ಕ್ಯಾಥೊಲಿಕ್ ಪೂಜೆಯ ಗಾಯನ ಕೃತಿ), ಓಪಸ್ (ಕೃತಿ ಸಂಖ್ಯೆ) 109, ಕೇಳಿ. 1878ರದ್ದು. ಎರಡು ಕ್ವಾಯರ್ (ಗಾಯಕರ ತಂಡ), ಎಂಟು ದನಿ (ಒಟ್ಟಿಗೆ ಹಾಡುವ ಎಂಟು ಬೇರೆ ಸಾಲು), ವಾದ್ಯವೇ ಇಲ್ಲ. ಆಸ್ಟ್ರಿಯಾದ ರಚನಕಾರ ಬ್ರುಕ್ನರ್‌ನ ಇ ಮೈನರ್ ಮಾಸ್‌ಗಿಂತ ಇದು ಯಾವುದರಲ್ಲೂ ಕಡಿಮೆಯಿಲ್ಲ.

ಕೆಳದನಿ: "ಯಾವುದರಲ್ಲೂ" ಅಂದರೆ? ಬ್ರುಕ್ನರ್ ಎಂಟು ದನಿಗಳ ಜೊತೆ ಊದುವ ವಾದ್ಯಗಳನ್ನು ಇಟ್ಟು ಎಂಥ ಸಾಹಸ ಮಾಡಿದ್ದಾರೆ! ರೈನ್‌ಬರ್ಗರ್ ಮ್ಯೂನಿಕ್‌ನ ಮೇಷ್ಟ್ರು. ಕೌಂಟರ್‌ಪಾಯಿಂಟ್ (ಹಲವು ದನಿ ಸಾಲುಗಳನ್ನು ಹೆಣೆಯುವ ವಿದ್ಯೆ) ಪಾಠ ಹೇಳಿದ ಹಾಗೆಯೇ ಬರೆದರು.

ಸಂಜೆಗೆಂಪು: ಮೇಷ್ಟ್ರಾ? 'ಆಬೆಂಡ್‌ಲೀಡ್' (ಸಂಜೆ ಹಾಡು) ಬರೆದಾಗ ಅವರಿಗೆ 15 ವರ್ಷ! ಸಂಜೆಯಾಯಿತು, ನಮ್ಮ ಜೊತೆ ಉಳಿದುಕೋ ಎಂದು ಎಮ್ಮಾವು ಊರಿನ ದಾರಿಯಲ್ಲಿ ಶಿಷ್ಯರು ಯೇಸುವನ್ನು ಕೇಳುವ ಮಾತು, ಲೂಕನ ಸುವಾರ್ತೆಯದ್ದು. ಆರು ದನಿಗಳು ಒಂದರ ಮೇಲೊಂದು ಬರುವಾಗ ಅದರಲ್ಲಿ ಯಾವ ಪಾಠ ಕಾಣಿಸಿತು ನಿಮಗೆ?

ಕೆಳದನಿ: 15 ವರ್ಷ ಅನ್ನುವುದು ಅರ್ಧ ಸತ್ಯ. 1855ರಲ್ಲಿ ಬರೆದದ್ದು ಮೊದಲ ರೂಪ. ಎಲ್ಲರೂ ಹಾಡುವುದು ಆಮೇಲೆ ತಿದ್ದಿ ಓಪಸ್ 69ರಲ್ಲಿ ಸೇರಿಸಿದ್ದನ್ನು. ಅದು ಹುಡುಗನ ಕೈ ಅಲ್ಲ.

ಸಂಜೆಗೆಂಪು: ತಿದ್ದಿದರೆ ಹುಡುಗನ ಕೃತಿ ಅಲ್ಲವಾ? ನಿಮ್ಮ ಬ್ರುಕ್ನರ್ 1866ರಲ್ಲಿ ಮುಗಿಸಿದ ಮಾಸ್ ಅನ್ನು 1882ರಲ್ಲಿ ಮತ್ತೆ ತಿದ್ದಿದರು. ಅದು ಮಾತ್ರ 1866ರದ್ದೇ, ಅಲ್ವಾ?

ಕೆಳದನಿ: 1866ರಲ್ಲಿ ಬ್ರುಕ್ನರ್‌ಗೆ 40 ದಾಟಿತ್ತು. ಅವರ ವಯಸ್ಸು ತೋರಿಸಿ ಯಾರೂ ಕೃತಿ ಹೊಗಳುವುದಿಲ್ಲ. ನಿಮ್ಮ ವಾದ ಪೂರ್ತಿ ವಯಸ್ಸಿನ ಮೇಲೇ ನಿಂತಿದೆ.

ಸಂಜೆಗೆಂಪು: ಪೂರ್ತಿ ಅಂತೆ! ಆರು ದನಿ ಅಂದೆ, ಸುವಾರ್ತೆ ಅಂದೆ. ಓದದೇ ಸುಮ್ನೆ ಉತ್ತರ ಬರೆಯಬೇಡಿ.

ಪೆಡಲ್: ನಾಲ್ಕು ನಿಮಿಷವೂ ಇಲ್ಲದ ಹಾಡಿಗೆ ಎಷ್ಟು ಜಗಳ! ಅಸಲು ಸಂಗತಿ ಸೆಸಿಲಿಯನ್ ಚಳವಳಿ, ಅಂದರೆ ಕ್ಯಾಥೊಲಿಕ್ ಚರ್ಚ್ ಸಂಗೀತವನ್ನು ಹಳೇ ರೀತಿಗೆ ತರುವ ಚಳವಳಿ. ಫ್ರಾನ್ಸ್ ಕ್ಸಾವರ್ ವಿಟ್ 1868ರಲ್ಲಿ ಸಂಘ ಕಟ್ಟಿದರು. ಚರ್ಚ್‌ನಲ್ಲಿ ಗ್ರೆಗೋರಿಯನ್ ಗಾಯನ (ಒಂದೇ ದನಿಯ ಹಳೇ ಚರ್ಚ್ ಹಾಡು), 16ನೇ ಶತಮಾನದ ರಚನಕಾರ ಪ್ಯಾಲೆಸ್ಟ್ರೀನಾನ ಶೈಲಿ ಇರಬೇಕು ಅಂದರು. ರೈನ್‌ಬರ್ಗರ್‌ನ ತುಂಬಿದ ಹಾರ್ಮನಿ (ಒಟ್ಟಿಗೆ ಕೇಳುವ ಸ್ವರಗಳ ಮೇಳ) ಅವರಿಗೆ ಹಿಡಿಸಲಿಲ್ಲ. ಮೂಲೆಗೆ ತಳ್ಳಿದರು.

ಕೆಳದನಿ: "ಮೂಲೆಗೆ"? ಓಪಸ್ 109 ಅರ್ಪಣೆಯಾದದ್ದು ಪೋಪ್ 13ನೇ ಲಿಯೋಗೆ. ಅದಕ್ಕೆ ಪೋಪ್ ಸಂತ ಗ್ರೆಗರಿ ಪದವಿಯನ್ನೇ (ಚರ್ಚ್‌ನ ಗೌರವ ಬಿರುದು) ಕೊಟ್ಟರು. 1877ರಿಂದ ಮ್ಯೂನಿಕ್ ಆಸ್ಥಾನದ ಚರ್ಚ್ ಸಂಗೀತ ಅವರ ಕೈಯಲ್ಲೇ ಇತ್ತು. ಇದು ಯಾವ ಮೂಲೆ?

ಪೆಡಲ್: ಪದವಿ ಒಬ್ಬರು ಕೊಡುತ್ತಾರೆ. ವಾರವಾರ ಹಾಡಬೇಕಾದದ್ದು ಊರೂರಿನ ಕ್ವಾಯರ್‌ಗಳು.

ಎಂಟುದನಿ: ನಾನು ಮಾಸ್ ಬಗ್ಗೆ ಕೇಳಿದ್ದೆ. ಎರಡು ಕ್ವಾಯರ್ ಒಂದಕ್ಕೊಂದು ಉತ್ತರ ಕೊಡುವುದು ವೆನಿಸ್‌ನ ಹಳೇ ಪದ್ಧತಿ. ಅದರೊಳಗೆ 19ನೇ ಶತಮಾನದ ಹಾರ್ಮನಿ ತಂದಿದ್ದಾರೆ. ಇದರ ಬಗ್ಗೆ ಯಾರೂ ಒಂದು ಸಾಲು ಬರೆದಿಲ್ಲ.

ಕೆಳದನಿ: "ಹಳೇ ಪದ್ಧತಿ" ಎಂದು ನೀವೇ ಒಪ್ಪಿಕೊಂಡಿರಿ. ಸಾಕು.

ಸಂಜೆಗೆಂಪು: 1855 ಮತ್ತು 15 ವರ್ಷ. ಇದಕ್ಕೆ ಇನ್ನೂ ನಿಮ್ಮಿಂದ ಉತ್ತರ ಬಂದಿಲ್ಲ.