ಸ್ಟಫ್ಡ್ ಕ್ಯಾಪ್ಸಿಕಂ: ಕಾಯಿ ಕುಸಿಯುತ್ತದೆ, ತಳದಲ್ಲಿ ನೀರು ನಿಲ್ಲುತ್ತದೆ. ಏನು ಮಾಡಲಿ?

ತುಂಬುಗಾಯಿ:
ಸಾಕಾಗಿ ಹೋಗಿದೆ. ಯಾವಾಗ ಮಾಡಿದರೂ ಇದೇ ಗೋಳು. ಓವನ್‌ನಿಂದ ತೆಗೆಯುವ ಹೊತ್ತಿಗೆ ಕಾಯಿ ಒಂದು ಕಡೆ ವಾಲಿ ಕುಸಿದಿರುತ್ತದೆ. ತಳದಲ್ಲಿ ನೀರು. ಹೂರಣ ಗಂಜಿಯ ಹಾಗೆ ಆಗಿರುತ್ತದೆ. ಗುಂಜು, ಅಂದರೆ ಕಾಯಿಯ ತಿರುಳು, ಮೆತ್ತಗಾದರೂ ಹೊರಗಿನ ಸಿಪ್ಪೆ ಮಾತ್ರ ಬಾಯಲ್ಲಿ ಹಾಗೇ ಉಳಿಯುತ್ತದೆ. ತೊಟ್ಟಿನ ಕಡೆ ಕತ್ತರಿಸಿ, ಬೀಜ ತೆಗೆದು, ಕುದಿನೀರಿಗೆ ಹಾಕಿ ತೆಗೆದು, ತುಂಬಿ ಬೇಯಿಸುತ್ತೇನೆ. ಎಲ್ಲರೂ ಮಾಡುವುದು ಇದನ್ನೇ ಅಲ್ವಾ? ಕಾಯಿ ಹಳೆಯದಿರಬೇಕು ಅಂತ ಮಾತ್ರ ಹೇಳಬೇಡಿ. ತಾಜಾ ಕಾಯಿಯೇ ತರುತ್ತೇನೆ.

ಒಣಶಾಖ:
ಕುದಿನೀರೇ ನಿಮ್ಮ ಸಮಸ್ಯೆ. ಬಿಟ್ಟುಬಿಡಿ. ಒಳಗೆ ಎಣ್ಣೆ ಸವರಿ, ಬಾಯಿ ಕೆಳಗೆ ಮಾಡಿ ಟ್ರೇ ಮೇಲೆ ಇಟ್ಟು, 200 ಡಿಗ್ರಿಯಲ್ಲಿ 12ರಿಂದ 15 ನಿಮಿಷ ಬರೀ ಕಾಯಿಯನ್ನು ಸುಡಿ. ಬಿಟ್ಟ ನೀರು ಟ್ರೇಗೆ ಇಳಿಯುತ್ತದೆ. ಆಮೇಲೆ ತಿರುಗಿಸಿ ತುಂಬಿ.

ಕೈತೋಟ:
ಮೊದಲು ವಿವರ ಕೊಡಿ. ಹಸಿರು ಕಾಯಿಯೋ, ಕೆಂಪೋ? ಎಷ್ಟು ಹೊತ್ತು ನೀರಲ್ಲಿ ಇಡುತ್ತೀರಿ? ಹೂರಣ ಹಸಿಯೋ, ಬೆಂದದ್ದೋ? ಮೇಲೆ ಮುಚ್ಚುತ್ತೀರಾ? ನಿಲ್ಲಲಿ ಅಂತ ತಳ ಕತ್ತರಿಸುತ್ತೀರಾ?

ತುಂಬುಗಾಯಿ:
ಹಸಿರು. ಹೂರಣ ಆಲೂಗಡ್ಡೆ ಮತ್ತು ಅನ್ನ, ಎರಡೂ ಬೆಂದದ್ದು. ಓವನ್ 180ರಲ್ಲಿ. ಫಾಯಿಲ್ ಮುಚ್ಚುತ್ತೇನೆ. ನೀರಲ್ಲಿ ಬಣ್ಣ ಏರುವವರೆಗೆ ಮಾತ್ರ. ತಳ ಮುಟ್ಟುವುದಿಲ್ಲ.

ಒಣಶಾಖ:
ನಾನು ಹೇಳಿದ್ದು ಅದನ್ನೇ. ಲೆಕ್ಕ ಹಾಕಿ ನೋಡಿ. ಕ್ಯಾಪ್ಸಿಕಂನಲ್ಲಿ ನೂರಕ್ಕೆ 92ಕ್ಕಿಂತ ಜಾಸ್ತಿ ನೀರೇ ಇರುತ್ತದೆ. 150 ಗ್ರಾಂ ಕಾಯಿ ಅಂದರೆ 138 ಗ್ರಾಂ ನೀರು. ಅದರಲ್ಲಿ ಹತ್ತನೇ ಒಂದು ಭಾಗ ಹೊರಬಂದರೂ ಒಂದು ದೊಡ್ಡ ಚಮಚದಷ್ಟಾಗುತ್ತದೆ. ಹೊರಗಿನ ಸಿಪ್ಪೆಗೆ ಮೇಣದ ಪದರ ಇದೆ, ಆ ಕಡೆಯಿಂದ ನೀರು ಸುಲಭವಾಗಿ ಹೋಗುವುದಿಲ್ಲ. ಎಲ್ಲ ಒಳಗೇ ಇಳಿದು ತಳದಲ್ಲಿ ನಿಲ್ಲುತ್ತದೆ. ಇಷ್ಟೊಂದು ನೀರಿರುವ ಕಾಯಿಯನ್ನು ಮತ್ತೆ ನೀರಿಗೆ ಯಾಕೆ ಹಾಕಬೇಕು?

ನಾಲ್ಕುಪಾಲು:
ಯಾರೂ ಕಾಯಿಯ ಆಯ್ಕೆಯ ಬಗ್ಗೆ ಮಾತಾಡುತ್ತಿಲ್ಲ. ತಳದಲ್ಲಿ ನಾಲ್ಕು ಉಬ್ಬು ಇರುವುದು ಹೆಣ್ಣು ಕಾಯಿ. ನೆಟ್ಟಗೆ ನಿಲ್ಲುತ್ತದೆ. ಮೂರು ಉಬ್ಬಿನದು ಗಂಡು. ಅದು ವಾಲಿಯೇ ವಾಲುತ್ತದೆ.

ಕೈತೋಟ:
ನಾಲ್ಕು ಉಬ್ಬಿನದು ಚೆನ್ನಾಗಿ ನಿಲ್ಲುತ್ತದೆ, ಒಪ್ಪುತ್ತೇನೆ. ಆದರೆ ಕಾಯಿಯಲ್ಲಿ ಗಂಡು, ಹೆಣ್ಣು ಅಂತ ಇಲ್ಲ. ಈ ಗಿಡದ ಒಂದೇ ಹೂವಿನಲ್ಲಿ ಎರಡೂ ಭಾಗ ಇರುತ್ತವೆ. ಎಷ್ಟು ಉಬ್ಬು ಬರುತ್ತದೆ ಅನ್ನುವುದು ತಳಿ ಮತ್ತು ಬೆಳೆದ ಪರಿಸ್ಥಿತಿಗೆ ಬಿಟ್ಟದ್ದು. ಒಂದೇ ಗಿಡದಲ್ಲಿ ಎರಡೂ ಥರ ಬಿಡುತ್ತವೆ.

ನಾಲ್ಕುಪಾಲು:
ಹೆಣ್ಣು ಕಾಯಿ ಸಿಹಿ ಇರುತ್ತದೆ, ಬೀಜ ಜಾಸ್ತಿ. ತಿಂದು ನೋಡಿದವರಿಗೆ ಗೊತ್ತು.

ಕೈತೋಟ:
ಸಿಹಿ ಬರುವುದು ಹಣ್ಣಾದಾಗ. ಹಸಿರು ಅಂದರೆ ಇನ್ನೂ ಬಲಿಯದ್ದು, ಸ್ವಲ್ಪ ಕಹಿ ಇರುತ್ತದೆ. ಅದೇ ಕಾಯಿ ಗಿಡದಲ್ಲೇ ಬಿಟ್ಟರೆ ಕೆಂಪಾಗಿಯೋ ಹಳದಿಯಾಗಿಯೋ ಸಿಹಿಯಾಗುತ್ತದೆ. ಉಬ್ಬು ಎಣಿಸಿ ರುಚಿ ಹೇಳಲು ಆಗುವುದಿಲ್ಲ. ಬೇಕಾದರೆ ಇದಕ್ಕೆ ಬೇರೆ ಎಳೆ ಶುರು ಮಾಡಿ, ಅಲ್ಲಿ ಮಾತಾಡೋಣ.

ತುಂಬುಗಾಯಿ:
ದಯವಿಟ್ಟು ನನ್ನ ಪ್ರಶ್ನೆಗೆ ಬನ್ನಿ. ಒಣಶಾಖ ಅವರು ಹೇಳಿದ ಹಾಗೆ ಸುಟ್ಟೂ ನೋಡಿದ್ದೇನೆ. ಅಂಚು ಕಪ್ಪಾಯಿತು, ಹಸಿರು ಹೋಗಿ ಕಂದು ಬಂತು. ನನಗೆ ಬಣ್ಣ ಬೇಕು. ಅದಕ್ಕೇ ಕುದಿನೀರು, ಅದರಲ್ಲಿ ಚಿಟಿಕೆ ಸೋಡಾ. ಬಣ್ಣ ಚೆನ್ನಾಗಿಯೇ ಬರುತ್ತದೆ. ಸಮಸ್ಯೆ ಇರುವುದು ಕುಸಿಯುವುದರಲ್ಲಿ.

ಹಬೆಪಾತ್ರೆ:
ಸೋಡಾ! ಇದನ್ನು ಮೊದಲೇ ಹೇಳಬೇಕಿತ್ತು. ತರಕಾರಿಯ ಕೋಶಗಳನ್ನು ಒಂದಕ್ಕೊಂದು ಅಂಟಿಸಿ ಇಡುವುದು ಪೆಕ್ಟಿನ್. ಕ್ಷಾರದ ಬಿಸಿನೀರಲ್ಲಿ ಅದು ಬೇಗ ಕರಗುತ್ತದೆ. ಬೇಳೆ ಬೇಗ ಬೇಯಲಿ ಅಂತ ಸೋಡಾ ಹಾಕುವವರು ಇದೇ ಗುಣವನ್ನು ಬಳಸುತ್ತಾರೆ. ಸೋಡಾ ಹಸಿರನ್ನು ಉಳಿಸುತ್ತದೆ, ನಿಜ. ಆದರೆ ಕಾಯಿಯ ಬಿಗಿಯನ್ನು ಕಸಿದುಕೊಳ್ಳುತ್ತದೆ. ನೀವು ತುಂಬುವ ಹೊತ್ತಿಗೇ ಗುಂಜಿಗೆ ಶಕ್ತಿ ಇರುವುದಿಲ್ಲ.

ಬಣ್ಣಕ್ಕೆ ಸೋಡಾ ಬೇಕಾಗಿಯೇ ಇಲ್ಲ. ದೊಡ್ಡ ಪಾತ್ರೆ, ಜೋರಾಗಿ ಕುದಿಯುವ ಉಪ್ಪುನೀರು. ಮುಚ್ಚಳ ಹಾಕಬೇಡಿ. ಕಾಯಿಯಿಂದ ಬರುವ ಹುಳಿ ಅಂಶ ಹಸಿರನ್ನು ಕೆಡಿಸುತ್ತದೆ, ಮುಚ್ಚದಿದ್ದರೆ ಅದರಲ್ಲಿ ಒಂದಷ್ಟು ಹಬೆಯ ಜೊತೆ ಹೋಗುತ್ತದೆ. 2 ನಿಮಿಷ ಸಾಕು, ದಪ್ಪ ಗುಂಜಿದ್ದರೆ 3. ತೆಗೆದ ತಕ್ಷಣ ಐಸ್ ನೀರಿಗೆ. ಆಮೇಲೆ ಬಟ್ಟೆಯ ಮೇಲೆ ಬಾಯಿ ಕೆಳಗೆ ಮಾಡಿ ಪೂರ್ತಿ ಬಸಿಯಿರಿ, ಒಳಗೆ ಒರೆಸಿ. ಬಸಿಯುವುದನ್ನು ಎಲ್ಲರೂ ಅವಸರದಲ್ಲಿ ಮುಗಿಸುತ್ತಾರೆ. ನನ್ನ ಪ್ರಕಾರ ಇಡೀ ತಯಾರಿಯಲ್ಲಿ ಮುಖ್ಯವಾದದ್ದು ಅದೇ.

ಒಣಶಾಖ:
ಸೋಡಾ ಇರಲಿ ಬಿಡಲಿ, ನೀರೇ ಬೇಡ ಅನ್ನುವುದು ನನ್ನ ಮಾತು. ಅಂಚು ಕಪ್ಪಾಗಿದ್ದರೆ ಟ್ರೇ ಓವನ್‌ನ ಮೇಲ್ಗಡೆಯ ಬಿಸಿಯಾಗುವ ಕಡ್ಡಿಗೆ ಹತ್ತಿರ ಇತ್ತು. ನಡುವಿನ ಹಂತದಲ್ಲಿ ಇಡಿ. ನನ್ನ ಓವನ್‌ನಲ್ಲಿ ದಪ್ಪ ಕಬ್ಬಿಣದ ಹಲಗೆ ಹಾಕಿದ್ದೇನೆ, ಒಳಗೆ ಬೇರೆ ಥರ್ಮಾಮೀಟರ್ ತೂಗಿಸಿದ್ದೇನೆ. ಗುಂಡಿಯ ಮೇಲೆ 200 ಅಂತ ಇದ್ದರೆ ಒಳಗೆ ನಿಜವಾಗಿ ಎಷ್ಟಿದೆ ಅಂತ ಅಳೆದೇ ನೋಡಬೇಕು. ಸುಮ್ನೆ ನಂಬಬೇಡಿ.

ಎರಕದಬಾಣಲೆ:
ಓವನ್ ಯಾಕೆ? ನನ್ನ ಎರಕದ ಬಾಣಲೆಗೆ ಭಾರದ ಮುಚ್ಚಳ ಇದೆ. ಕಾಯಿಗಳನ್ನು ಒತ್ತೊತ್ತಾಗಿ ನಿಲ್ಲಿಸಿ ಸಣ್ಣ ಉರಿಯಲ್ಲಿ ಬೇಯಿಸಿದರೆ ಒಂದೂ ವಾಲುವುದಿಲ್ಲ. ಒಂದಕ್ಕೊಂದು ಆಸರೆ ಇರುತ್ತದೆ. ಬಾಣಲೆ ಹದ ಮಾಡಿ ಕಪ್ಪಾಗಿಸಲು ಬಹಳ ಕಾಲ ಹಿಡಿಯಿತು, ಈಗ ಏನೂ ಅಂಟುವುದಿಲ್ಲ.

ಒಣಶಾಖ:
ಮುಚ್ಚಿದ ಬಾಣಲೆಯಲ್ಲಿ ಹಬೆ ಎಲ್ಲಿ ಹೋಗುತ್ತದೆ? ನೀರು ಇನ್ನೂ ಜಾಸ್ತಿ ನಿಲ್ಲುತ್ತದೆ.

ಎರಕದಬಾಣಲೆ:
ಕೊನೆಗೆ ಮುಚ್ಚಳ ತೆಗೆಯುತ್ತೇನೆ. ಅದನ್ನೂ ಬರೆಯಬೇಕಾ?

ಹಬೆಪಾತ್ರೆ:
ಒತ್ತೊತ್ತಾಗಿ ನಿಲ್ಲಿಸುವುದು ಓವನ್‌ಗೂ ಒಳ್ಳೆಯ ಸಲಹೆ. ಇನ್ನೊಂದು ಮಾತು. ಬೀಜದ ಗೊಂಚಲು ಕಿತ್ತ ಮೇಲೆ ಒಳಗೋಡೆಗೆ ಅಂಟಿದ ಬಿಳಿ ಏಣುಗಳನ್ನು ಚಮಚದಿಂದ ಕೆರೆದು ತೆಗೆಯಿರಿ. ಚಾಕು ಬೇಡ, ತೂತಾಗುತ್ತದೆ. ಜಾಗ ಹೆಚ್ಚು ಸಿಗುತ್ತದೆ, ಕಹಿಯೂ ಕಡಿಮೆ.

ತುಂಬುಗಾಯಿ:
ಸೋಡಾ ಬಿಟ್ಟು ಮಾಡಿದೆ. ಕಾಯಿ ನೆಟ್ಟಗೆ ನಿಂತಿತು! ಬಣ್ಣ ಸ್ವಲ್ಪ ಮಂಕಾದರೂ ಪರವಾಗಿಲ್ಲ. ತುಂಬಾ ಥ್ಯಾಂಕ್ಸ್. ಆದರೆ ತಳದಲ್ಲಿ ನೀರು ಮಾತ್ರ ಹೋಗಿಲ್ಲ. ತುಂಬುವಾಗ ಒಳಗೆ ಪೂರ್ತಿ ಒಣಗಿತ್ತು. ಬೆಳಿಗ್ಗೆ ಫ್ರಿಜ್‌ನಿಂದ ತೆಗೆದಾಗಲೇ ತಳ ಒದ್ದೆ.

ಕೈತೋಟ:
ಫ್ರಿಜ್? ಹಿಂದಿನ ರಾತ್ರಿಯೇ ತುಂಬಿ ಇಡುತ್ತೀರಾ?

ತುಂಬುಗಾಯಿ:
ಹೌದು, ಯಾವಾಗಲೂ. ಬೆಳಿಗ್ಗೆ ಅಷ್ಟು ಹೊತ್ತು ಎಲ್ಲಿರುತ್ತದೆ?

ಕೈತೋಟ:
ನೀರು ಬರುವುದು ಅದರಿಂದಲೇ. ಹೂರಣದ ಉಪ್ಪು ರಾತ್ರಿಯಿಡೀ ಗುಂಜಿನಿಂದ ನೀರು ಎಳೆಯುತ್ತದೆ. ಅದರ ಮೇಲೆ ಬಿಸಿನೀರಲ್ಲಿ ಅದ್ದಿದ ಕಾಯಿಯ ಕೋಶಗಳು ಮೊದಲೇ ಸಡಿಲವಾಗಿರುತ್ತವೆ, ನೀರನ್ನು ಹಿಡಿದುಕೊಳ್ಳುವುದಿಲ್ಲ. ಕಾಯಿಯನ್ನು ಬಸಿದು ಬಟ್ಟೆ ಹಾಸಿದ ಡಬ್ಬಿಯಲ್ಲಿ ಬಾಯಿ ಕೆಳಗೆ ಮಾಡಿ ಇಡಿ. ಹೂರಣ ಬೇರೆ ಡಬ್ಬಿಯಲ್ಲಿ. ಬೆಳಿಗ್ಗೆ ತುಂಬುವುದಕ್ಕೆ ಹೆಚ್ಚು ಹೊತ್ತು ಬೇಡ. ಬೇಯಿಸುವಾಗ ಕೊನೆಯ 10 ನಿಮಿಷ ಫಾಯಿಲ್ ತೆಗೆಯಿರಿ.

ಒಣಶಾಖ:
ಸುಟ್ಟ ಕಾಯಿಯಾದರೆ ಅಷ್ಟು ನೀರು ಬಿಡುತ್ತಿರಲಿಲ್ಲ.

ಕೈತೋಟ:
ಉಪ್ಪಿನ ಹೂರಣ ತುಂಬಿ ರಾತ್ರಿ ಇಟ್ಟರೆ ಅದೂ ಬಿಡುತ್ತದೆ. ಇಟ್ಟು ನೋಡಿ.

ನಾಲ್ಕುಪಾಲು:
ಹೊಸ ಎಳೆ ಶುರು ಮಾಡಿದ್ದೇನೆ. ನಾಲ್ಕು ಉಬ್ಬಿನದು, ಮೂರು ಉಬ್ಬಿನದು, ಎರಡನ್ನೂ ಕತ್ತರಿಸಿದ ಫೋಟೊ ಹಾಕಿದ್ದೇನೆ. ಬೀಜ ಎಣಿಸಿ ಹೇಳಿ.

ಹೊಸಬಳು:
ಎರಕದಬಾಣಲೆ ಅವರೇ, ಬಾಣಲೆಗೆ ಯಾವ ಎಣ್ಣೆ ಹಚ್ಚಿ ಹದ ಮಾಡಿದಿರಿ? ನನ್ನದು ತುಕ್ಕು ಹಿಡಿಯುತ್ತಿದೆ.