ಗೋಳಗುಮ್ಮಟ ಬಿಟ್ಟು ವಿಜಯಪುರದಲ್ಲಿ ನಡೆದು ನೋಡುವುದು ಏನಿದೆ? ಅಪ್ಪನ ಜೊತೆ ಎರಡು ದಿನ

ಮದ್ದೂರಿನ ಮಗಳು

ಎಲ್ಲರಿಗೂ ನಮಸ್ಕಾರ. ಜನವರಿ ಕೊನೆಯಲ್ಲಿ ಅಪ್ಪನನ್ನು ಕರೆದುಕೊಂಡು ವಿಜಯಪುರಕ್ಕೆ ಹೊರಟಿದ್ದೇನೆ. ರೈಲು ಟಿಕೆಟ್ ಆಗಿದೆ. ಪೂರ್ತಿ ಎರಡು ದಿನ ಕೈಯಲ್ಲಿವೆ.

ನಾನು ಶಾಲೆಯಲ್ಲಿದ್ದಾಗ ಒಮ್ಮೆ ಪ್ರವಾಸಕ್ಕೆ ಬಂದಿದ್ದೆ. ಬಸ್ಸಿಂದ ಇಳಿಸಿದರು, ಗುಮ್ಮಟ ಹತ್ತಿಸಿದರು, ಎಲ್ಲರೂ ಕೂಗಿದೆವು, ದೊಡ್ಡ ತೋಪಿನ ಹತ್ತಿರ ಒಂದು ಫೋಟೋ, ಮತ್ತೆ ಬಸ್ಸು. ಊರು ಹೇಗಿತ್ತು ಅಂತ ಕೇಳಿದರೆ ಒಂದೂ ನೆನಪಿಲ್ಲ. ಈ ಸಲ ಹಾಗೆ ಆಗಬಾರದು.

ಅಪ್ಪನಿಗೆ 67 ವರ್ಷ. ನಮ್ಮೂರ ಪಂಚಾಯಿತಿಯಲ್ಲಿ ನೀರುಗಂಟಿ ಆಗಿದ್ದವರು. ಮಂಡಿ ನೋವಿದೆ, ಮೆಟ್ಟಿಲು ಜಾಸ್ತಿ ಇದ್ದರೆ ಕಷ್ಟ. ಆದರೆ ಸಮತಟ್ಟು ನೆಲದಲ್ಲಿ ಅಲ್ಲಲ್ಲಿ ಕೂತು ಸುಧಾರಿಸಿಕೊಂಡು ಎಷ್ಟು ದೂರ ಬೇಕಾದರೂ ನಡೆಯುತ್ತಾರೆ. ಗಾಡಿಯಲ್ಲಿ ಕೂತು ಊರು ನೋಡುವುದು ಅವರಿಗೆ ಇಷ್ಟವಿಲ್ಲ. ಗೈಡ್ ಜೊತೆ ನಡೆದು ನೋಡುವ ವ್ಯವಸ್ಥೆ ಅಲ್ಲಿದೆಯಾ? ಜನ ಜಾಸ್ತಿ ಹೋಗದ, ಆದರೆ ನೋಡಲೇಬೇಕಾದ ಜಾಗ ಯಾವುವು? ಊರಿನವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಶಹಾಪೇಟಿ ಹುಡುಗ

ನಮಸ್ಕಾರ ಅಕ್ಕಾ. ನಾನು ಹುಟ್ಟಿ ಬೆಳೆದಿದ್ದು ಇದೇ ಊರಲ್ಲಿ. ನಿಮ್ಮ ಅಪ್ಪ ನೀರುಗಂಟಿ ಅಂತ ಓದಿದ ತಕ್ಷಣ ಬರೆಯಲೇಬೇಕು ಅನ್ನಿಸಿತು. ಗುಮ್ಮಟಗಳ ಲೆಕ್ಕ ಬಿಡಿ, ಅವರಿಗೆ ಈ ಊರಿನ ನೀರು ತೋರಿಸಿ.

ನಮ್ಮೂರಿನ ಪಕ್ಕ ದೊಡ್ಡ ನದಿ ಇಲ್ಲ. ಮಳೆಯೂ ಕಡಿಮೆ. ಹತ್ತು ಕಿಲೋಮೀಟರ್ ಸುತ್ತಳತೆಯ ಕೋಟೆ ಕಟ್ಟಿ, 96 ಬುರುಜು ನಿಲ್ಲಿಸಿ, ಒಳಗೆ ಅರಮನೆ, ತೋಟ, ಮಸೀದಿ, ಪೇಟೆ ಎಲ್ಲ ಇಟ್ಟುಕೊಂಡ ಆದಿಲ್‌ಶಾಹಿ ದೊರೆಗಳು ಇಷ್ಟು ಜನಕ್ಕೆ ಕುಡಿಯಲು ನೀರು ಎಲ್ಲಿಂದ ತಂದರು? ಪಶ್ಚಿಮಕ್ಕೆ ತೊರವಿ ಇದೆ. ಅಲ್ಲಿ ನೆಲದೊಳಗೆ ಸುರಂಗ ಕೊರೆದು, ನಡುನಡುವೆ ಗಾಳಿ ಬೆಳಕಿಗೆ ಬಾವಿಯಂಥ ಕಿಂಡಿ ಬಿಟ್ಟು, ಬರೀ ಇಳಿಜಾರಿನ ಬಲದಿಂದ ನೀರನ್ನು ಊರಿನ ಕಡೆ ಹರಿಸಿದರು. ನಾವು ಸುರಂಗ ಬಾವಿ ಅನ್ನುತ್ತೇವೆ. ದಕ್ಷಿಣಕ್ಕೆ ಬೇಗಂ ತಲಾಬ್ ಇದೆ, 1651ರಲ್ಲಿ ಮೊಹಮ್ಮದ್ ಆದಿಲ್‌ಶಾಹ ಕಟ್ಟಿಸಿದ ಕೆರೆ. ಅಲ್ಲಿಂದ ಮಣ್ಣಿನ ಕೊಳವೆ ಹೂತು, ಸುತ್ತ ಗಾರೆ ಕಟ್ಟಿ ನೀರು ತಂದರು. ಕೊಳವೆಯಲ್ಲಿ ಒತ್ತಡ ಜಾಸ್ತಿಯಾದರೆ ಒಡೆಯುತ್ತದೆ ಅಲ್ವಾ? ಅದಕ್ಕೆ ದಾರಿಯಲ್ಲಿ ಗೋಪುರದ ಥರ ಎತ್ತರದ ತೊಟ್ಟಿ ಕಟ್ಟಿದರು. ನೀರು ಮೇಲೆ ಏರಿ, ಒತ್ತಡ ಕಳೆದುಕೊಂಡು, ಕೆಸರು ತಳಕ್ಕೆ ಕೂತು, ಮತ್ತೆ ಮುಂದಕ್ಕೆ ಹೋಗುತ್ತಿತ್ತು. ಇವಕ್ಕೆ ಗಂಜ್ ಅನ್ನುತ್ತಾರೆ. ಊರೊಳಗೆ ಇನ್ನೂ ಕೆಲವು ನಿಂತಿವೆ. ಬೈಕಿನಲ್ಲಿ ಹೋಗುವವರು ಮುರಿದ ಮಿನಾರು ಅಂದುಕೊಂಡು ದಾಟಿ ಹೋಗುತ್ತಾರೆ.

ದಾರಿ ಸುಲಭ. ಪೂರ್ವದಿಂದ ಪಶ್ಚಿಮಕ್ಕೆ ಒಂದೇ ದಿಕ್ಕು. ಬೆಳಿಗ್ಗೆ ಬೇಗ ಗೋಳಗುಮ್ಮಟ ಮುಗಿಸಿ, ಶಾಲಾ ಮಕ್ಕಳ ಬಸ್ಸು ಬರುವ ಮೊದಲು. ಆಮೇಲೆ ಜಾಮಿಯಾ ಮಸೀದಿ, ಅಲ್ಲಿಂದ ಮೆಹತರ್ ಮಹಲ್. ಅದು ಒಂದು ಬಾಗಿಲು ಅಷ್ಟೇ, ಆದರೆ ಬಾಲ್ಕನಿಯ ಕೆಳಗಿನ ಆಸರೆ ಕಲ್ಲುಗಳನ್ನು ನೋಡಿ, ಮರಗೆಲಸ ಅಂತಲೇ ಅನ್ನಿಸುತ್ತದೆ. ಪೇಟೆಯ ಗದ್ದಲದಲ್ಲಿ ಯಾರೂ ತಲೆ ಎತ್ತುವುದಿಲ್ಲ. ಮುಂದೆ ಅಸರ್ ಮಹಲ್, ಅದರೆದುರಿನ ದೊಡ್ಡ ಹೊಂಡಕ್ಕೆ ಬೇಗಂ ತಲಾಬಿನ ನೀರು ಬರುತ್ತಿತ್ತು. ಒಳಗೆ ಹೆಂಗಸರನ್ನು ಬಿಡುವುದಿಲ್ಲ, ಮೊದಲೇ ಹೇಳಿದ್ದೇನೆ, ಬೇಜಾರಾಗಬೇಡಿ. ಹೊರಗಿನಿಂದಲೇ ಆ ಎತ್ತರದ ಮರದ ಕಂಬಗಳು ಕಾಣುತ್ತವೆ.

ಆಮೇಲೆ ಅರಕಿಲ್ಲೆ, ಅಂದರೆ ಊರ ನಡುವಿನ ಒಳಕೋಟೆ. ಇಲ್ಲಿ ಅವಸರ ಮಾಡಬೇಡಿ. ಬಾಗಿಲ ಹತ್ತಿರವೇ ಕರೀಮುದ್ದೀನ್ ಮಸೀದಿ, 1320ರದ್ದು. ಆದಿಲ್‌ಶಾಹಿಗಳು ಬರುವುದಕ್ಕೂ ಸುಮಾರು 170 ವರ್ಷ ಮೊದಲಿನದು. ಹಳೆಯ ಗುಡಿಗಳ ಕಂಬ ತಂದು ಕಟ್ಟಿದ್ದು, ಕೆಲವು ಕಂಬಗಳ ಮೇಲೆ ಕನ್ನಡ ಶಾಸನ ಇದೆ. ಈ ಊರಿಗೆ ವಿಜಯಪುರ ಅನ್ನುವ ಹೆಸರು ಚಾಲುಕ್ಯರ ಕಾಲದ್ದು ಅಂತ ಪುಸ್ತಕದಲ್ಲಿ ಓದುವುದು ಬೇರೆ, ಆ ಅಕ್ಷರದ ಮುಂದೆ ನಿಲ್ಲುವುದು ಬೇರೆ. ಸಾತ್ ಮಂಜಿಲ್ ನೋಡಿ, ಏಳು ಅಂತಸ್ತಿನ ಅರಮನೆ, ಈಗ ಐದು ಉಳಿದಿವೆ. ಮೇಲಿನ ಅಂತಸ್ತುಗಳಲ್ಲೂ ಸ್ನಾನದ ಮನೆ, ನೀರಿನ ಕೊಳವೆ ಇದ್ದ ಗುರುತುಗಳಿವೆ. ಪಂಪು ಇಲ್ಲದ ಕಾಲದಲ್ಲಿ! ಅದರೆದುರು ರಸ್ತೆ ಪಕ್ಕ ಜಲ ಮಂಜಿಲ್, ಪುಟ್ಟ ಮಂಟಪ, ಒಂದು ಕಾಲಕ್ಕೆ ನೀರಿನ ನಡುವೆ ನಿಂತಿದ್ದು. ಕಂದಕದ ಅಂಚಿಗೆ ನರಸಿಂಹನ ಗುಡಿ ಇದೆ. ಅಪ್ಪನಿಗೆ ಅಲ್ಲಿ ನೆರಳಲ್ಲಿ ಕೂರಲು ಚೆನ್ನಾಗಿರುತ್ತದೆ.

ಎರಡನೇ ದಿನ ಅರ್ಧಕ್ಕೆ ನಿಂತ ಗೋರಿ ಬಾರಾ ಕಮಾನ್, ಮಲಿಕ್-ಎ-ಮೈದಾನ್ ತೋಪು, ತಾಜ್ ಬಾವಡಿ ಅನ್ನುವ ಮೆಟ್ಟಿಲು ಬಾವಿ, ಕೊನೆಗೆ ಎರಡನೇ ಇಬ್ರಾಹಿಂನ ಗೋರಿ ಇಬ್ರಾಹಿಂ ರೋಜಾ. ಸಮಯ ಇದ್ದರೆ ಆಟೋ ಮಾಡಿಕೊಂಡು ತೊರವಿ.

ಓದುವ ಹುಚ್ಚು, ಧಾರವಾಡ

ಮೇಲಿನವರು ಹೇಳಿದ್ದು ನೂರಕ್ಕೆ ನೂರು ಸರಿ. ಎರಡು ವರ್ಷದ ಹಿಂದೆ ನಾನು ಇಂಥದ್ದೇ ಒಂದು ನಡಿಗೆಗೆ ಹೋಗಿದ್ದೆ. ಇತಿಹಾಸದ ಮೇಷ್ಟರೊಬ್ಬರು ಭಾನುವಾರ ತಮ್ಮ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೊರಟಿದ್ದರು, ನಾನೂ ನನ್ನ ಗೆಳತಿಯೂ ಸೇರಿಕೊಂಡೆವು. ಹದಿನೈದು ಜನ ಇದ್ದೆವು ಅನ್ನಿಸುತ್ತದೆ.

ಅವರು ಮಾಡಿದ್ದು ನನಗೆ ಬಹಳ ಹಿಡಿಸಿತು. ಒಂದು ಕಡೆ ನಿಂತು ಇಸವಿ ಒಪ್ಪಿಸಲಿಲ್ಲ. ಬೆಳಿಗ್ಗೆಯೇ ಒಂದು ಪ್ರಶ್ನೆ ಕೊಟ್ಟರು: ದಾರಿಯಲ್ಲಿ ಎಲ್ಲೆಲ್ಲಿ ನೀರಿನ ಗುರುತು ಕಾಣುತ್ತದೋ ತೋರಿಸಿ. ಮೊದಲ ಒಂದು ತಾಸು ನಮಗೆ ಏನೂ ಕಾಣಲಿಲ್ಲ. ಆಮೇಲೆ ಒಬ್ಬ ಹುಡುಗಿ ಮಸೀದಿ ಅಂಗಳದ ಹೊಂಡ ತೋರಿಸಿದಳು. ಇನ್ನೊಬ್ಬ ಒಂದು ಮನೆಯ ಹಿಂದೆ ಚೌಕಾಕಾರದ ಗೋಪುರ ನೋಡಿ ಇದಾ ಸರ್ ಅಂದ. ಹೌದು, ಗಂಜ್! ಅಲ್ಲಿಂದ ಎಲ್ಲರ ಕಣ್ಣೂ ತೆರೆಯಿತು, ಒಡೆದ ಕಾರಂಜಿ, ಗೋಡೆಯೊಳಗಿನ ಕೊಳವೆ ಬಾಯಿ, ಹಾಳು ಬಿದ್ದ ಬಾವಡಿ, ಸಿಕ್ಕಿದ್ದೆಲ್ಲ ತೋರಿಸುತ್ತಾ ಹೋದೆವು.

ಜಾಮಿಯಾ ಮಸೀದಿಯಲ್ಲಿ ನೆಲ ನೋಡುವುದು ಮರೆಯಬೇಡಿ. ಒಬ್ಬೊಬ್ಬರು ನಮಾಜಿಗೆ ಕೂರಲು ಎರಡು ಸಾವಿರಕ್ಕೂ ಹೆಚ್ಚು ಚೌಕ ಗುರುತು ಮಾಡಿದ್ದಾರೆ. ಔರಂಗಜೇಬನ ಕಾಲದ್ದು ಅಂತ ಹೇಳುತ್ತಾರೆ.

ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ತಾಜ್ ಬಾವಡಿ. 1620ರದ್ದು, ಎರಡನೇ ಇಬ್ರಾಹಿಂ ಆದಿಲ್‌ಶಾಹನ ರಾಣಿ ತಾಜ್ ಸುಲ್ತಾನಾ ಹೆಸರಲ್ಲಿ ಮಲಿಕ್ ಸಂದಲ್ ಕಟ್ಟಿಸಿದ್ದು. ಬೀದಿಯಲ್ಲಿ ನಿಂತರೆ ಒಂದು ದೊಡ್ಡ ಕಮಾನು, ಎರಡು ಪಕ್ಕ ಎಂಟು ಮೂಲೆಯ ಗೋಪುರ, ಅಷ್ಟೇ ಕಾಣುತ್ತದೆ. ಕಮಾನಿನ ಕೆಳಗೆ ಮೆಟ್ಟಿಲು ಇಳಿದರೆ ಇದ್ದಕ್ಕಿದ್ದ ಹಾಗೆ ಒಂದು ಕೆರೆಯಷ್ಟು ನೀರು. ಸುತ್ತ ದಾರಿಹೋಕರು ತಂಗಲು ಕೋಣೆಗಳು. ನಾನು ಚಿಕ್ಕವಳಿದ್ದಾಗ ಇದು ಕಸದ ಗುಂಡಿ ಆಗಿತ್ತು. ಹೂಳು ತೆಗೆದ ಮೇಲೆ ಮೊದಲ ಸಲ ನೋಡಿದೆ, ಗಂಟಲು ಕಟ್ಟಿ ಬಂತು. ಇಷ್ಟು ವರ್ಷ ನಾವು ಇದರೊಳಗೆ ಕಸ ಹಾಕಿದೆವಲ್ಲ ಅಂತ. ದಯವಿಟ್ಟು ಅಲ್ಲಿ ಒಂದು ಅರ್ಧ ತಾಸು ಸುಮ್ನೆ ಕೂತು ಬನ್ನಿ.

ಕಲ್ಲು ನೋಡುವವನು

ಗೈಡ್ ಬಗ್ಗೆ ಒಂದು ಮಾತು. ಕಳೆದ ವರ್ಷ ನಾವು ಮಾಡಿಕೊಂಡ ಗೈಡ್ ಮೊದಲು ಪೂರ್ತಿ ಊರು ತೋರಿಸುತ್ತೇನೆ ಅಂದು, ಮೂರು ಜಾಗ ಆಗುತ್ತಿದ್ದಂತೆ ಟೈಮ್ ಆಯಿತು ಅಂತ ಹೇಳಿ ಹೊರಟುಹೋದರು. ಅಮ್ಮ ಅಷ್ಟು ಆಸೆಯಿಂದ ಬಂದಿದ್ದರು, ಬಹಳ ನೊಂದುಕೊಂಡರು. ಆದ್ದರಿಂದ ಗುರುತಿನ ಚೀಟಿ ಇರುವವರನ್ನೇ ಕೇಳಿ, ಎಷ್ಟು ತಾಸು, ಯಾವ ಯಾವ ಜಾಗ, ಎಷ್ಟು ದುಡ್ಡು ಅಂತ ಹೊರಡುವ ಮೊದಲೇ ಮಾತಾಡಿ. ನಡೆದೇ ಹೋಗುತ್ತೇವೆ, ನೀರಿನ ಜಾಗ ನೋಡಬೇಕು ಅಂತ ಸ್ಪಷ್ಟವಾಗಿ ಹೇಳಿ.

ಇನ್ನೊಂದು, ಗೋಳಗುಮ್ಮಟ ಪ್ರಪಂಚದಲ್ಲೇ ಎರಡನೇ ದೊಡ್ಡ ಗುಮ್ಮಟ ಅಂತ ಈಗಲೂ ಹೇಳುತ್ತಾರೆ. ಈ ಕಾಲದ ಸ್ಟೇಡಿಯಂಗಳನ್ನು ಲೆಕ್ಕಕ್ಕೆ ತಗೊಂಡರೆ ಅದು ನಿಲ್ಲುವುದಿಲ್ಲ. ಅದರಿಂದ ಅದರ ಬೆಲೆ ಏನೂ ಕಡಿಮೆ ಆಗಲ್ಲ, ಹೊರಗಿನ ಅಳತೆ 44 ಮೀಟರ್ ಅಗಲ, ನಡುವೆ ಒಂದು ಕಂಬ ಇಲ್ಲ, 1656ರಲ್ಲಿ ಮುಗಿದದ್ದು. ಸಾಠ್ ಕಬರ್‌ಗೂ (ಅಂದರೆ ಅರವತ್ತು ಗೋರಿ) ಹೋಗಿ ಬನ್ನಿ, ಆದಿಲ್‌ಶಾಹಿ ಸೇನಾಪತಿ ಅಫಜಲಖಾನ ಶಿವಾಜಿಯ ಮೇಲೆ ಯುದ್ಧಕ್ಕೆ ಹೊರಡುವ ಮೊದಲು ತನ್ನ ಹೆಂಡತಿಯರನ್ನೆಲ್ಲ ಬಾವಿಗೆ ತಳ್ಳಿ ಕೊಂದ ಜಾಗ.

ಶಹಾಪೇಟಿ ಹುಡುಗ

ಸರ್, ಗೈಡ್ ವಿಷಯ ಒಪ್ಪುತ್ತೇನೆ. ಸಾಠ್ ಕಬರ್ ಕಥೆಯನ್ನು ಮಾತ್ರ ನಡೆದದ್ದೇ ಅಂತ ಹೇಳಬೇಡಿ. ಗೋರಿಗಳು ಇರುವುದು ನಿಜ, ಅರವತ್ತಕ್ಕೂ ಜಾಸ್ತಿ ಇವೆ, ಸಾಲು ಸಾಲಾಗಿ, ಎಲ್ಲ ಒಂದೇ ಥರ. ಅಫಜಲಖಾನ 1659ರಲ್ಲಿ ಪ್ರತಾಪಗಡದಲ್ಲಿ ಸತ್ತದ್ದೂ ನಿಜ. ನಡುವಿನ ಕಥೆ ಜನ ಹೇಳಿಕೊಂಡು ಬಂದದ್ದು. ಅಲ್ಲಿ ಮಲಗಿರುವವರು ಯಾರೇ ಆಗಿರಲಿ, ಅದು ಸ್ಮಶಾನ. ಕೆಲವರು ಅಲ್ಲಿ ವಿಡಿಯೋ ಮಾಡುತ್ತಾ ಚೀರಾಡುತ್ತಾರೆ, ನೋಡಿದರೆ ಹೊಟ್ಟೆ ಉರಿಯುತ್ತದೆ. ಅಲ್ಲದೆ ಅದು ಊರ ಹೊರಗೆ ಇದೆ, ಮಂಡಿ ನೋವಿರುವವರಿಗೆ ದಾರಿ ಸರಿ ಇಲ್ಲ.

ಕಲ್ಲು ನೋಡುವವನು

ಸರಿ ತಮ್ಮಾ, ಹೇಳಿಕೆ ಅಂತಲೇ ಬರೆಯಬೇಕಿತ್ತು. ತಿದ್ದಿದ್ದಕ್ಕೆ ಧನ್ಯವಾದ.

ರೊಟ್ಟಿ ಬುತ್ತಿ

ಮೆಟ್ಟಿಲ ವಿಷಯ ಯಾರೂ ಸರಿಯಾಗಿ ಹೇಳಲಿಲ್ಲ ಮೇಡಂ. ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿಗೆ ಏಳು ಅಂತಸ್ತು ಹತ್ತಬೇಕು. ಮೆಟ್ಟಿಲು ಕಿರಿದು, ಎತ್ತರ ಜಾಸ್ತಿ. ಅಪ್ಪ ಕೆಳಗೇ ಕೂರಲಿ, ಎದುರಿನ ಮ್ಯೂಸಿಯಂ ಚೆನ್ನಾಗಿದೆ. ಉಪ್ಲಿ ಬುರುಜು ಅನ್ನುವ ಕಾವಲು ಗೋಪುರವೂ ಹಾಗೇ, ಹೊರಗಿನಿಂದ ಸುತ್ತು ಹಾಕುವ ಮೆಟ್ಟಿಲು, 24 ಮೀಟರ್ ಎತ್ತರ. ನೀವು ಹತ್ತಿ, ಊರು ಪೂರ್ತಿ ಕಾಣುತ್ತದೆ. ತಾಜ್ ಬಾವಡಿಯಲ್ಲಿ ಅವರು ಕೆಳಗಿನವರೆಗೆ ಇಳಿಯಬೇಕಿಲ್ಲ, ಕಮಾನಿನ ಹತ್ತಿರ ನಿಂತರೂ ಸಾಕು.

ಸುಸ್ತಾದರೆ ಟಾಂಗಾ ಸಿಗುತ್ತದೆ. ಜನವರಿಯಲ್ಲೂ ಮಧ್ಯಾಹ್ನದ ಬಿಸಿಲು ಚುರುಕು, ಹನ್ನೆರಡರಿಂದ ಮೂರರವರೆಗೆ ರೂಮಿಗೆ ಹೋಗಿ ಮಲಗಿ. ಖಾನಾವಳಿಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಮೊಸರು. ಖಾರ ಕಡಿಮೆ ಹಾಕಿ ಅಂತ ಹೇಳಿ, ಮದ್ದೂರಿನವರಿಗೆ ಬೇಕಾಗುತ್ತದೆ.

ಮದ್ದೂರಿನ ಮಗಳು

ಹೋಗಿ ಬಂದೆವು. ಎಲ್ಲರಿಗೂ ತುಂಬಾ ತುಂಬಾ ಧನ್ಯವಾದ. ನಡೆದದ್ದು ಹೇಳದಿದ್ದರೆ ನನಗೆ ಸಮಾಧಾನ ಇಲ್ಲ.

ಗುರುತಿನ ಚೀಟಿ ಇದ್ದ ಒಬ್ಬ ಹಿರಿಯ ಗೈಡ್ ಸಿಕ್ಕರು. ನೀರಿನ ದಾರಿ ಅಂದ ಕೂಡಲೇ ಅವರ ಮುಖ ಅರಳಿತು, ಹೀಗೆ ಕೇಳುವವರು ಕಡಿಮೆ ಅಂದರು. ಮೊದಲ ದಿನ ಅಪ್ಪ ಸುಮ್ಮನೆ ಬಂದರು. ಗುಮ್ಮಟ ನೋಡಿ ಚೆನ್ನಾಗಿದೆ ಅಂದರು, ಅಷ್ಟೇ. ಕರೀಮುದ್ದೀನ್ ಮಸೀದಿಯ ಕಂಬದ ಅಕ್ಷರಗಳನ್ನು ಬಹಳ ಹೊತ್ತು ನೋಡಿದರು. ಓದಲು ಬರಲಿಲ್ಲ, ಆದರೆ ಒಂದೆರಡು ಅಕ್ಷರ ನಮ್ಮದೇ ಥರ ಇದೆ ಅಂತ ತೋರಿಸಿದರು.

ಎರಡನೇ ದಿನ ಗಂಜ್ ಹತ್ತಿರ ಹೋದೆವು. ಗೈಡ್ ಇನ್ನೂ ಬಾಯಿ ತೆರೆದಿರಲಿಲ್ಲ. ಅಪ್ಪ ಗೋಪುರದ ಸುತ್ತ ಒಂದು ಸುತ್ತು ಬಂದು, ತಲೆ ಎತ್ತಿ ನೋಡಿ, ಈ ಕಡೆಯಿಂದ ನೀರು ಹತ್ತಿದೆ, ಆ ಕಡೆಯಿಂದ ಇಳಿದಿದೆ, ಮಧ್ಯೆ ಮಣ್ಣು ನಿಲ್ಲಲು ತೊಟ್ಟಿ ಇರಬೇಕು ಅಂದರು. ಗೈಡ್ ಅವರ ಎರಡೂ ಕೈ ಹಿಡಿದುಕೊಂಡರು. ಅಲ್ಲಿಂದ ಮುಂದೆ ನನಗೆ ಕೆಲಸವೇ ಇರಲಿಲ್ಲ. ಇಬ್ಬರೂ ವಾಲ್ವು, ಇಳಿಜಾರು, ಗಾರೆ ಅಂತ ಮಾತಾಡಿಕೊಂಡು ಮುಂದೆ ಮುಂದೆ, ನಾನು ಹಿಂದೆ. ಗೋಡೆಯಲ್ಲಿ ಒಂದು ಕೊಳವೆಯ ಬಾಯಿ ಕಂಡಿತು. ಅಪ್ಪ ಬೆರಳು ಇಟ್ಟು ಅಳೆದರು. ನಮ್ಮೂರಿಗೆ ಮೊದಲ ಪೈಪು ಹಾಕಿದಾಗಲೂ ಹೀಗೇ ಅಳೆದಿದ್ದೆ ಅಂದರು.

ಮಂಡಿ ನೋವಿದ್ದರೂ ತಾಜ್ ಬಾವಡಿಯಲ್ಲಿ ಅವರೇ ಹಟ ಮಾಡಿ ಮೆಟ್ಟಿಲು ಇಳಿದರು. ಕೆಳಗೆ ಕೂತು ಒಂದು ತಾಸು ಆದರೂ ಏಳಲಿಲ್ಲ.

ತೊರವಿಗೂ ಹೋದೆವು. ನೆಲಮಟ್ಟಕ್ಕಿಂತ ಕೆಳಗಿರುವ ನರಸಿಂಹನ ಗುಡಿಗೆ ಇಳಿದು ಕೈ ಮುಗಿದೆವು. ತೊರವೆ ರಾಮಾಯಣ ಬರೆದ ಕುಮಾರ ವಾಲ್ಮೀಕಿಯ ದೇವರು ಇವನೇ ಅಂತ ಗೈಡ್ ಹೇಳಿದಾಗ ಮೈ ಜುಮ್ಮೆಂದಿತು, ಆ ಹೆಸರು ಪಾಠದಲ್ಲಿ ಓದಿದ್ದೆ, ತೊರವೆ ಅಂದರೆ ಒಂದು ಊರು ಅಂತ ಯೋಚನೆಯೇ ಮಾಡಿರಲಿಲ್ಲ. ಸುರಂಗ ಬಾವಿಯ ಹತ್ತಿರ ಹೋಗುವಷ್ಟರಲ್ಲಿ ಕತ್ತಲಾಗಿತ್ತು. ಅಪ್ಪ ಅಂಚಿನಲ್ಲಿ ನಿಂತು ಒಂದು ಕಲ್ಲು ಹಾಕೋಣವೇ ಅಂದರು. ಬೇಡ, ಇಷ್ಟು ವರ್ಷ ಜನ ಹಾಕಿದ್ದೇ ಸಾಕು ಅಂತ ತಾವೇ ಹೇಳಿ, ಕೈಯಲ್ಲಿದ್ದ ಕಲ್ಲನ್ನು ದಾರಿ ಪಕ್ಕ ಇಟ್ಟು ಬಂದರು.

@ಶಹಾಪೇಟಿ ಹುಡುಗ, ಮಳೆಗಾಲ ಮುಗಿದ ಮೇಲೆ ಹಗಲಲ್ಲಿ ಮತ್ತೆ ಬರಬೇಕಂತೆ ಅವರಿಗೆ. ನಿಮಗೆ ಬಿಡುವಿದ್ದರೆ ನೀವೂ ಜೊತೆಗೆ ಬನ್ನಿ.