ಮಾರ್ಚ್‌ನಲ್ಲಿ ಟ್ರೊಮ್ಸೊಗೆ ಹೋದರೆ ಅರೋರಾ ಕಾಣುತ್ತಾ? ಎಷ್ಟು ರಾತ್ರಿ ಬೇಕು?

ಮಲ್ನಾಡ್‌ಕಾಫಿ (ಚಿಕ್ಕಮಗಳೂರು):
ನಮಸ್ಕಾರ. ನಾನು, ಮನೆಯವರು, 66 ವರ್ಷದ ಅಮ್ಮ, ಮೂವರೂ ನಾರ್ವೆಯ ಟ್ರೊಮ್ಸೊಗೆ ಅರೋರಾ (ಧ್ರುವದ ಕಡೆ ರಾತ್ರಿ ಆಕಾಶದಲ್ಲಿ ಕಾಣೋ ಬಣ್ಣದ ಬೆಳಕು) ನೋಡೋಕೆ ಹೋಗ್ಬೇಕು ಅಂತಿದ್ದೀವಿ. ನವೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕುಯ್ಲು, ತೋಟ ಬಿಟ್ಟು ಬರೋ ಹಾಗಿಲ್ಲ. ರೊಬಸ್ಟಾಗೆ ಸ್ಪ್ರಿಂಕ್ಲರ್ ಮುಗಿಸಿ ಮಾರ್ಚ್‌ನಲ್ಲಿ ಹೋಗೋದಾ, ಇಲ್ಲ ಸೆಪ್ಟೆಂಬರ್ ಕೊನೆಗೆ ಇಟ್ಕೊಳ್ಳೋದಾ? ಟ್ರಾವೆಲ್ಸ್‌ನವರು 2 ರಾತ್ರಿ ಸಾಕು ಅಂತಾರೆ. ಕೆಪಿ (ಭೂಕಾಂತೀಯ ಚಟುವಟಿಕೆ ಎಷ್ಟಿದೆ ಅಂತ ಹೇಳೋ 0ರಿಂದ 9ರವರೆಗಿನ ಸೂಚ್ಯಂಕ) 5 ಇದ್ರೆ ಮಾತ್ರ ಕಾಣುತ್ತೆ ಅಂತಾನೂ ಕೇಳಿದ್ದೀನಿ. ವೀಸಾಗೆ ಸಂಬಳದ ಸ್ಲಿಪ್ ಇಲ್ಲ, ನಮ್ಮದು ಕೃಷಿ ಆದಾಯ. ಗೊತ್ತಿರೋರು ದಯವಿಟ್ಟು ಹೇಳಿ.

ಹೇಮಾವತಿ_ತೀರ (ಹಾಸನ):
ಮಾರ್ಚ್ ಧಾರಾಳವಾಗಿ ಸಾಕು ಸರ್. ಆದರೆ 5ರಿಂದ 22ನೇ ತಾರೀಕಿನೊಳಗೆ ಮುಗಿಸಿಕೊಳ್ಳಿ. ತಿಂಗಳ ಕೊನೆಯ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ. ಆಮೇಲೆ ಆಕಾಶ ಸರಿಯಾಗಿ ಕಪ್ಪಾಗುವಷ್ಟರಲ್ಲಿ ಬಹಳ ಹೊತ್ತಾಗುತ್ತದೆ. ಏಪ್ರಿಲ್ ಶುರುವಾದರೆ ಸೀಸನ್ ಮುಗಿದಂತೆಯೇ. ಹಗಲು ರಾತ್ರಿ ಸಮ ಇರುವ ಮಾರ್ಚ್, ಸೆಪ್ಟೆಂಬರ್‌ನ ಆಸುಪಾಸಿನಲ್ಲಿ ಭೂಕಾಂತೀಯ ಚಟುವಟಿಕೆ ಸರಾಸರಿಗಿಂತ ಸ್ವಲ್ಪ ಜಾಸ್ತಿಯೇ ಇರುತ್ತದೆ, ಅದೂ ನಿಮಗೆ ಅನುಕೂಲ.

ಕೆಪಿ 5ರ ಮಾತು ಸ್ಕಾಟ್ಲೆಂಡ್‌ನಂಥ ದಕ್ಷಿಣದ ಜಾಗಗಳಿಗೆ. ಟ್ರೊಮ್ಸೊ ಇರುವುದು ಸುಮಾರು 69.6 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಅರೋರಾ ವಲಯದ ನೇರ ಕೆಳಗೆ. ಅಲ್ಲಿ ಕೆಪಿ 1, 2 ಇದ್ದರೂ ಕಾಣುತ್ತದೆ. ಅಲ್ಲದೆ ಕೆಪಿ ಎಂಬುದು ಮೂರು ಗಂಟೆಯ ಲೆಕ್ಕ, ಈ ಕ್ಷಣ ಏನಾಗುತ್ತಿದೆ ಅಂತ ಅದು ಹೇಳುವುದಿಲ್ಲ. ಅದಕ್ಕೆ ಬಿಜಡ್ ನೋಡಿ, ಅಂದರೆ ಸೌರಮಾರುತದ (ಸೂರ್ಯನಿಂದ ಹರಿದುಬರುವ ಕಣಗಳ) ಕಾಂತಕ್ಷೇತ್ರ ಉತ್ತರಕ್ಕಿದೆಯಾ ದಕ್ಷಿಣಕ್ಕಿದೆಯಾ ಅಂತ ಹೇಳುವ ಸಂಖ್ಯೆ. ಅದು ಮೈನಸ್‌ಗೆ ಇಳಿದು ಹಾಗೇ ನಿಂತರೆ ಹೊರಗೆ ಹೊರಡಿ. ಸೂರ್ಯನ ಕಡೆಗೆ 15 ಲಕ್ಷ ಕಿ.ಮೀ. ದೂರದಲ್ಲಿರುವ ಉಪಗ್ರಹ ಅಳೆದು ಕಳಿಸುವ ಸಂಖ್ಯೆ ಅದು. ಸೌರಮಾರುತ ಅಲ್ಲಿಂದ ನಮ್ಮವರೆಗೆ ಬರಲು ಸಾಮಾನ್ಯವಾಗಿ 15ರಿಂದ 60 ನಿಮಿಷ ಬೇಕು.

ನಿಜವಾದ ಶತ್ರು ಮೋಡ. ಅರೋರಾ ಹೊಳೆಯುವುದು 100 ಕಿ.ಮೀ.ಗಿಂತ ಮೇಲೆ, ಮೋಡ ಇರುವುದು ಹತ್ತರೊಳಗೆ. ಮುಚ್ಚಿದರೆ ಕೆಪಿ 7 ಇದ್ದರೂ ಏನೂ ಕಾಣದು. ಟ್ರೊಮ್ಸೊ ಸಮುದ್ರದ ಊರು. ತೇವದ ಗಾಳಿ ಕರಾವಳಿಯ ಬೆಟ್ಟಗಳಿಗೆ ಬಡಿದು ಹಿಮ ಸುರಿಸುತ್ತದೆ, ಒಳನಾಡಿನ ಸ್ಕಿಬೊಟ್ನ್ ಕಣಿವೆಗೂ ಅದರಾಚೆಯ ಫಿನ್ಲೆಂಡ್ ಗಡಿಗೂ ಬರುವಷ್ಟರಲ್ಲಿ ಒಣಗಿರುತ್ತದೆ. ಸಕಲೇಶಪುರದಲ್ಲಿ ಜಡಿಮಳೆ ಹಿಡಿದ ದಿನ ಅರಸೀಕೆರೆಯಲ್ಲಿ ಬಿಸಿಲಿರುತ್ತಲ್ಲ, ಅದೇ ಲೆಕ್ಕ. ಆದ್ದರಿಂದ 2 ರಾತ್ರಿಯ ಪ್ಯಾಕೇಜ್ ಬೇಡವೇ ಬೇಡ. ಕನಿಷ್ಠ 5 ರಾತ್ರಿ ಇಡಿ. ನಾರ್ವೆ ಹವಾಮಾನ ಇಲಾಖೆಯ ವೈಆರ್ ಆಪ್‌ನಲ್ಲಿ ಮೋಡದ ಮುನ್ಸೂಚನೆ ನೋಡಿ, ಮೋಡ ಇಲ್ಲದ ಕಡೆಗೇ ಗಾಡಿ ತಿರುಗಿಸುವ ಮಿನಿಬಸ್ ಟೂರ್ ಹಿಡಿಯಿರಿ. ಒಂದೇ ಕ್ಯಾಂಪ್‌ಗೆ ಕರೆದೊಯ್ದು ಕೂರಿಸುವ ಟೂರ್ ಅಗ್ಗ, ಆದರೆ ಮೋಡ ಬಂದರೆ ದುಡ್ಡು ಹೋದಂತೆ. ಗಡಿ ದಾಟಬಹುದು, ಪಾಸ್‌ಪೋರ್ಟ್ ಜೇಬಿನಲ್ಲಿರಲಿ.

ಊರೊಳಗೇ ನೋಡುವುದಾದರೆ ದ್ವೀಪದ ಮೇಲ್ಭಾಗದ ಪ್ರೆಸ್ಟ್‌ವಾನೆಟ್ ಕೆರೆಯ ದಂಡೆ ಸಾಕಷ್ಟು ಕತ್ತಲಾಗಿರುತ್ತದೆ. ಶುರುವಿನಲ್ಲಿ ಬೂದು ಬಿಳುಪಿನ ಕಮಾನು ಮಾತ್ರ ಕಾಣುತ್ತದೆ, ತೆಳು ಮೋಡವೇನೋ ಅನಿಸುತ್ತದೆ. ಅದರ ಹಿಂದೆ ನಕ್ಷತ್ರ ಸ್ಪಷ್ಟವಾಗಿದೆಯಾ ನೋಡಿ, ಫೋನಿನಲ್ಲಿ ಒಂದು ಫೋಟೋ ತೆಗೆಯಿರಿ. ಹಸಿರು ಬಂದರೆ ಅರೋರಾನೇ, ಅಲ್ಲಿಂದ ಕದಲಬೇಡಿ. ಕಮಾನಿನ ಕೆಳಅಂಚು ಚುರುಕಾಗಿ ಮಡಚತೊಡಗಿದರೆ ಕೆಲವೇ ನಿಮಿಷದಲ್ಲಿ ಆಕಾಶ ತುಂಬಬಹುದು.

ಗಿರಿಶ್ರೇಣಿ (ಚಿಕ್ಕಮಗಳೂರು):
ವೀಸಾ ಬಗ್ಗೆ. ಬೇಕಿರೋದು ಷೆಂಗೆನ್ ವೀಸಾ, ಯುರೋಪಿನ ಹಲವು ದೇಶಗಳಿಗೆ ಒಂದೇ ಆಗೋ ವೀಸಾ. ಬೆಂಗಳೂರಿನ ಅರ್ಜಿ ಕೇಂದ್ರದಲ್ಲೇ ಬೆರಳಚ್ಚು ಕೊಡಬಹುದು. ದೊಡ್ಡವರಿಗೆ ಶುಲ್ಕ 90 ಯೂರೊ, ಸೇವಾ ಶುಲ್ಕ ಬೇರೆ. ಹೊರಡುವ 6 ತಿಂಗಳ ಮುಂಚಿನಿಂದ ಅರ್ಜಿ ತಗೋತಾರೆ, ಡಿಸೆಂಬರ್‌ನಲ್ಲೇ ಹಾಕಿಬಿಡಿ. ಇನ್ಶೂರೆನ್ಸ್ ಕನಿಷ್ಠ 30,000 ಯೂರೊ ಕವರ್ ಇರಬೇಕು. ಸಂಬಳದ ಸ್ಲಿಪ್ ಬದಲು ಪಹಣಿ, ಕಾಫಿ ಕೊಂಡು ಸಂಸ್ಕರಿಸೋ ಕ್ಯೂರಿಂಗ್‌ನವರು ಕೊಟ್ಟ ಮಾರಾಟದ ಬಿಲ್‌ಗಳು, ಅದೇ ಹಣ ಜಮಾ ಆಗಿರೋ ಬ್ಯಾಂಕ್ ಸ್ಟೇಟ್‌ಮೆಂಟ್, ಐಟಿ ರಿಟರ್ನ್ ಇದ್ದರೆ ಅದೂ ಇಡಿ. ಕನ್ನಡದ ಕಾಗದಕ್ಕೆಲ್ಲ ಇಂಗ್ಲಿಷ್ ಅನುವಾದ ಮಾಡಿಸಿ. ಅರ್ಜಿಗೆ ವಾರ ಇದೆ ಅನ್ನುವಾಗ ಖಾತೆಗೆ ದೊಡ್ಡ ಮೊತ್ತದ ನಗದು ತುಂಬಬೇಡಿ, ಅನುಮಾನ ಬರೋದೇ ಅದರಿಂದ.

ಬೆಂಗಳೂರಿನಿಂದ ಟ್ರೊಮ್ಸೊವರೆಗೆ ಒಂದೇ ಟಿಕೆಟ್ ಮಾಡಿಸಿ. ಓಸ್ಲೊದಲ್ಲಿ ಬ್ಯಾಗ್ ತಗೊಂಡು ಕಸ್ಟಮ್ಸ್ ದಾಟಿ ಮತ್ತೆ ಹಾಕಬೇಕಾಗಬಹುದು, 3 ಗಂಟೆ ಬಿಡುವಿರಲಿ. ತುಪ್ಪ, ಪೇಡ ಕಟ್ಟಿಕೊಂಡು ಹೋಗಬೇಡಿ, ಯುರೋಪಿನ ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ಒಯ್ಯೋದು ನಿಷಿದ್ಧ. ಅವಲಕ್ಕಿ, ಚಟ್ನಿಪುಡಿ ಸಾಕು. ಅಡುಗೆಮನೆ ಇರೋ ಅಪಾರ್ಟ್‌ಮೆಂಟ್ ಹಿಡಿದರೆ ಅಮ್ಮನ ಊಟಕ್ಕೆ ತೊಂದರೆ ಇಲ್ಲ.

ಮಲ್ನಾಡ್‌ಕಾಫಿ:
ತುಂಬಾ ಉಪಕಾರ ಆಯ್ತು. ಅಮ್ಮನಿಗೆ ಚಳಿ ತಡೆಯುತ್ತಾ? ಕಾರ್ ಬಾಡಿಗೆಗೆ ತಗೊಂಡು ನಾನೇ ಓಡಿಸಲಾ? ಕ್ಯಾಮೆರಾ ಇದೆ, ಟ್ರೈಪಾಡ್ ಇಲ್ಲ.

ಕಾಡುಮಲ್ಲಿಗೆ (ಸಕಲೇಶಪುರ):
ಚಳಿಗಿಂತ ಅಮ್ಮನಿಗೆ ಭಯ ಇರುವುದು ಜಾರುವುದರಿಂದ. ಮಾರ್ಚ್‌ನಲ್ಲಿ ಹಗಲು ಕರಗಿದ ಹಿಮ ರಾತ್ರಿ ಗಾಜಿನಂತೆ ಹೆಪ್ಪುಗಟ್ಟುತ್ತದೆ. ಶೂಗೆ ಸಿಕ್ಕಿಸುವ ಮೊಳೆಪಟ್ಟಿ ಅಲ್ಲಿನ ಸ್ಪೋರ್ಟ್ಸ್ ಅಂಗಡಿಯಲ್ಲಿ ಸಿಗುತ್ತದೆ, ಹೋದ ದಿನವೇ ಕೊಳ್ಳಿ. ಅಂಗಡಿಯೊಳಗೆ ಹೋಗುವಾಗ ಬಿಚ್ಚಬೇಕು, ನಯವಾದ ಟೈಲ್ಸ್ ಮೇಲೆ ಅದೇ ಜಾರಿಸುತ್ತದೆ. ಅಮ್ಮನಿಗೆ ಮಂಡಿನೋವಿದ್ದರೆ ನನ್ನ ಮತ ಸೆಪ್ಟೆಂಬರ್ ಕೊನೆಗೇ. ಹಿಮ ಇರುವುದಿಲ್ಲ, ಆದರೆ ಕತ್ತಲೆ ಇರುತ್ತದೆ, ಅರೋರಾಗೆ ಅಷ್ಟೇ ತಾನೆ ಬೇಕಿರುವುದು.

ಬಟ್ಟೆಯಲ್ಲಿ ಹತ್ತಿ ಮೈಗೆ ತಾಗಬಾರದು. ಬೆವರು ಹೀರಿ ಒದ್ದೆಯಾದರೆ ನಿಂತ ಕೂಡಲೇ ಮೈ ಕೊರೆಯುತ್ತದೆ. ಒಳಗೆ ಮೆರಿನೊ ಉಣ್ಣೆ, ನಡುವೆ ಫ್ಲೀಸ್, ಹೊರಗೆ ಗಾಳಿ ನೀರು ತಡೆಯುವ ಜಾಕೆಟ್, ಪ್ಯಾಂಟ್. ಶೂ ಒಂದು ಸೈಜ್ ದೊಡ್ಡದಿರಲಿ. ಎರಡು ಸಾಕ್ಸ್ ತುರುಕಿ ಬಿಗಿಯಾದರೆ ರಕ್ತ ಓಡದೆ ಕಾಲು ಇನ್ನೂ ತಣ್ಣಗಾಗುತ್ತದೆ. ಊರಲ್ಲಿ ಮೈನಸ್ ಐದಾರು ಡಿಗ್ರಿ ಇದ್ದರೂ ಒಳನಾಡಿನಲ್ಲಿ ಮೈನಸ್ 20ಕ್ಕೆ ಇಳಿಯಬಹುದು. ಎಷ್ಟೋ ಟೂರ್‌ಗಳಲ್ಲಿ ದಪ್ಪ ಥರ್ಮಲ್ ಸೂಟ್ ಕೊಡುತ್ತಾರೆ, ಬುಕ್ ಮಾಡುವಾಗ ಕೇಳಿ. ಗಾಡಿಯಲ್ಲಿ ಟಾಯ್ಲೆಟ್ ಇದೆಯಾ, ಇಲ್ಲದಿದ್ದರೆ ಎಲ್ಲೆಲ್ಲಿ ನಿಲ್ಲಿಸುತ್ತಾರೆ ಅನ್ನುವುದನ್ನೂ ಕೇಳಿ. ಆರೇಳು ಗಂಟೆಯ ಸುತ್ತಾಟ ಅದು.

ಚಳಿಗಾಲದಲ್ಲಿ ಕಾರ್ ನೀವು ಓಡಿಸಬೇಡಿ. ಬಲಬದಿಯ ಸಂಚಾರ, ಕತ್ತಲೆ, ಮಂಜುಗಟ್ಟಿದ ರಸ್ತೆ ಮೂರೂ ಒಟ್ಟಿಗೆ. ಮೇಲೆ ನೋಡಿಕೊಂಡು ಓಡಿಸಿ ರಸ್ತೆ ಮಧ್ಯೆ ನಿಲ್ಲಿಸುವವರಿಂದಲೂ ಅಪಾಯ.

ಹೇಮಾವತಿ_ತೀರ:
ಟ್ರೈಪಾಡ್ ಇಲ್ಲದೆ ಹೋಗಬೇಡಿ. ವೈಡ್ ಲೆನ್ಸ್, ಎಫ್ 2.8 (ಲೆನ್ಸ್ ತೆರೆಯುವ ಅಳತೆ), ಐಎಸ್‌ಒ 1600 (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ), ಶಟರ್ 8 ಸೆಕೆಂಡ್‌ನಿಂದ ಶುರು ಮಾಡಿ. ಅರೋರಾ ವೇಗವಾಗಿ ಕುಣಿಯತೊಡಗಿದರೆ 2, 3 ಸೆಕೆಂಡ್‌ಗೆ ಇಳಿಸಿ ಐಎಸ್‌ಒ ಏರಿಸಿ, ಇಲ್ಲದಿದ್ದರೆ ಪರದೆಯಂತೆ ಇಳಿಬಿದ್ದ ಅರೋರಾದ ಗೆರೆಗಳೆಲ್ಲ ಕಲಸಿ ಹಸಿರು ಮಂಜಿನಂತಾಗುತ್ತವೆ. ಆಟೊಫೋಕಸ್ ಆಫ್ ಮಾಡಿ, ಪ್ರಕಾಶಮಾನ ನಕ್ಷತ್ರವನ್ನು ಸ್ಕ್ರೀನ್‌ನಲ್ಲಿ ದೊಡ್ಡದು ಮಾಡಿ, ಅದು ಚುಕ್ಕಿಯಾಗುವವರೆಗೆ ಕೈಯಲ್ಲೇ ಫೋಕಸ್ ತಿರುಗಿಸಿ. ಎರಡನೇ ಬ್ಯಾಟರಿ ಒಳಜೇಬಿನಲ್ಲಿ ಮೈಬಿಸಿಗೆ ಇರಲಿ. ವಾಪಸ್ ಬಸ್ಸು ಹತ್ತುವ ಮುಂಚೆ, ಹೊರಗಿನ ಚಳಿಯಲ್ಲೇ ಕ್ಯಾಮೆರಾವನ್ನು ಜಿಪ್ ಇರುವ ಪ್ಲಾಸ್ಟಿಕ್ ಕವರ್‌ಗೆ ಹಾಕಿ ಮುಚ್ಚಿ. ಕವರ್ ಇಲ್ಲದೆ ಹಾಗೇ ಒಳಗೆ ತಂದರೆ ಲೆನ್ಸ್ ಮೇಲೂ ಒಳಗೂ ನೀರು ಕಟ್ಟುತ್ತದೆ. ಮೆಮೊರಿ ಕಾರ್ಡ್ ಬೇಕಿದ್ದರೆ ಮುಚ್ಚುವ ಮೊದಲೇ ತೆಗೆದಿಟ್ಟುಕೊಳ್ಳಿ, ರೂಮಿಗೆ ಹೋಗಿ ಒಂದೆರಡು ಗಂಟೆ ಕವರ್ ಬಿಚ್ಚುವ ಹಾಗಿಲ್ಲ.